ಲೈನ್‌ಮನ್ ತೂಕ: ಏರಿಸಿದವರೇ ಇಳಿಸಿಯೂ ಕೊಡಬೇಕು

ಅಮೆರಿಕದಲ್ಲಿರುವ ನಮ್ಮವರಲ್ಲಿ ಕಾಲೇಜ್ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್, ನೋಡುವವರು ಈಗ ಜಾಸ್ತಿ. ಮಗಳೋ ಮಗನೋ ಅಲ್ಲಿನ ದೊಡ್ಡ ಯೂನಿವರ್ಸಿಟಿಗೆ ಸೇರಿದರೆ ಸಾಕು, ಶನಿವಾರ ಮನೆಮಂದಿಯೆಲ್ಲ ಟಿವಿ ಮುಂದೆ ಕೂರುತ್ತಾರೆ. ಎಲ್ಲರ ಕಣ್ಣೂ ಚೆಂಡಿನ ಹಿಂದೆಯೇ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಮುಂದೆ ಸಾಲಾಗಿ ಬಗ್ಗಿ ನಿಲ್ಲುವ 5 ಜನರ ಕಡೆ ಯಾರ ಗಮನವೂ ಹೋಗುವುದಿಲ್ಲ. ಅವರೇ ಆಫೆನ್ಸಿವ್ ಲೈನ್‌ಮನ್‌ಗಳು. ನಾನು ಕಾಲೇಜ್ ಆಟಗಾರರ ಡಯಟೀಷಿಯನ್. ನನ್ನ ದಿನದ ಹೆಚ್ಚಿನ ಹೊತ್ತು ಹೋಗುವುದು ಈ ಹುಡುಗರ ಜೊತೆಗೇ.

ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ಎರಡು ತುದಿಗೆ ಇಬ್ಬರು ಟ್ಯಾಕಲ್. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ, ಉಳಿದವರು ಅದನ್ನು ಮುಟ್ಟುವುದೇ ಅಪರೂಪ. ಮೇಲೆ ನುಗ್ಗಿ ಬರುವವರನ್ನು ತಡೆಯಬೇಕು, ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸಬೇಕು. ಕೆಲಸ ಚೆನ್ನಾಗಿ ಆದರೆ ಅವರ ಹೆಸರೇ ಕೇಳಿಸುವುದಿಲ್ಲ. ಎದುರಾಳಿಯ ಅಂಗಿ ಹಿಡಿದೆಳೆದರೆ ಮಾತ್ರ ರೆಫರಿ ಮೈಕ್‌ನಲ್ಲಿ ನಂಬರ್ ಕೂಗಿ 10 ಗಜ ಹಿಂದಕ್ಕೆ ಕಳಿಸುತ್ತಾರೆ. ಕಾಲೇಜ್ ಫುಟ್‌ಬಾಲ್‌ನ ದೊಡ್ಡ ಪ್ರಶಸ್ತಿ ಹೈಸ್‌ಮನ್ ಟ್ರೋಫಿ ಇವತ್ತಿನವರೆಗೂ ಒಬ್ಬ ಆಫೆನ್ಸಿವ್ ಲೈನ್‌ಮನ್‌ಗೆ ಸಿಕ್ಕಿಲ್ಲ. 1973ರಲ್ಲಿ ಒಹಾಯೊ ಸ್ಟೇಟ್‌ನ ಜಾನ್ ಹಿಕ್ಸ್ ಎರಡನೆಯವನಾಗಿ ಬಂದಿದ್ದೇ ದೊಡ್ಡದು. 2015ರಿಂದ ಕೊಡುತ್ತಿರುವ ಜೋ ಮೂರ್ ಪ್ರಶಸ್ತಿ ನನಗೆ ಇಷ್ಟ. ಅದು ಒಬ್ಬನಿಗಲ್ಲ, ಇಡೀ ಸಾಲಿಗೆ ಸಿಗುತ್ತದೆ.

ಇವರ ತೂಕ ಸುಮಾರು 300 ಪೌಂಡ್, ಅಂದರೆ 136 ಕಿಲೊ. ಎಷ್ಟೋ ಜನ ಇನ್ನೂ ಜಾಸ್ತಿ. ನೋಡುವವರು ಇವರು ಹುಟ್ಟಿದ್ದೇ ಹೀಗೆ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಹೈಸ್ಕೂಲಿನಿಂದ ಬರುವಾಗ ಎಷ್ಟೋ ಹುಡುಗರು 110, 115 ಕಿಲೊ ಇರುತ್ತಾರೆ. ಎತ್ತರವಿರುತ್ತದೆ, ಉದ್ದ ಕೈಗಳಿರುತ್ತವೆ, ಬ್ಯಾಸ್ಕೆಟ್‌ಬಾಲ್ ಆಡಿದ ಕಾಲುಗಳಿರುತ್ತವೆ. ಕೋಚ್ ನೋಡುವುದು ಅದನ್ನು. ಉಳಿದದ್ದನ್ನು ತುಂಬುವುದು ನಮ್ಮ ಕೆಲಸ. ಲೇನ್ ಜಾನ್ಸನ್ ಜೂನಿಯರ್ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಓಕ್ಲಹೋಮಾಗೆ ಬಂದು ಬೇರೆ ಬೇರೆ ಜಾಗ ಆಡಿ ಕೊನೆಗೆ ಟ್ಯಾಕಲ್ ಆದ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 2013ರಲ್ಲಿ 4ನೇ ಆಯ್ಕೆ ಅವನೇ. ಆಮೇಲೆ ಎನ್‌ಎಫ್‌ಎಲ್‌ನಲ್ಲಿ ಹೆಸರಾಂತ ಸೆಂಟರ್ ಆದ ಜೇಸನ್ ಕೆಲ್ಸಿ ಸಿನ್ಸಿನಾಟಿ ಯೂನಿವರ್ಸಿಟಿಗೆ ಬಂದಾಗ ಸ್ಕಾಲರ್‌ಶಿಪ್ಪೂ ಇರಲಿಲ್ಲ, ಲೈನ್‌ಮನ್ನೂ ಆಗಿರಲಿಲ್ಲ.

ಮೊದಲ ವರ್ಷ ಬಹುಪಾಲು ಹುಡುಗರು ಆಡುವುದಿಲ್ಲ. ಅದಕ್ಕೆ ರೆಡ್‌ಶರ್ಟ್ ವರ್ಷ ಅನ್ನುತ್ತಾರೆ. ಆ ಸೀಸನ್‌ನಲ್ಲಿ 4 ಪಂದ್ಯದವರೆಗೆ ಆಡಿದರೂ ಕಾಲೇಜಿಗೆ ಆಡಲು ಸಿಗುವ 4 ವರ್ಷ ಹಾಗೇ ಉಳಿಯುತ್ತವೆ, 2018ರಿಂದ ಈ ಅನುಕೂಲ ಇದೆ. ನನಗೆ ಕೆಲಸ ಜಾಸ್ತಿ ಇರುವುದು ಆ ವರ್ಷವೇ. ದಿನಕ್ಕೆ 5,000 ಕ್ಯಾಲೊರಿ, ಕೆಲವರಿಗೆ 6,000. ಕೇಳಲು ಮಜಾ ಅನಿಸುತ್ತೆ ಅಲ್ವಾ? ತಿನ್ನುವವನನ್ನು ಕೇಳಿ. ಬೆಳಗ್ಗೆ ಜಿಮ್‌ಗೆ ಮುಂಚೆ ಪೀನಟ್ ಬಟರ್ ಹಚ್ಚಿದ ಬ್ರೆಡ್ಡು, ಬಾಳೆಹಣ್ಣು. ಜಿಮ್ ಮುಗಿದ ಮೇಲೆ 6 ಮೊಟ್ಟೆ, ಒಂದು ದೊಡ್ಡ ಬಟ್ಟಲು ಓಟ್ಸ್, ಹಾಲು. ಕ್ಲಾಸುಗಳ ನಡುವೆ ಸ್ಯಾಂಡ್‌ವಿಚ್. ಮಧ್ಯಾಹ್ನ ಅನ್ನ, ಚಿಕನ್. ಪ್ರಾಕ್ಟೀಸ್ ಆದ ಮೇಲೆ ಮತ್ತೆ ಊಟ. ಮಲಗುವ ಮುಂಚೆ ಹಾಲು, ಓಟ್ಸ್, ಬಾಳೆಹಣ್ಣು, ಪೀನಟ್ ಬಟರ್ ರುಬ್ಬಿದ ಶೇಕ್. ಹಸಿವಾದಾಗ ತಿನ್ನುವುದಲ್ಲ, ಮೊಬೈಲ್ ಅಲಾರಾಂ ಹೊಡೆದಾಗ ತಿನ್ನುವುದು. 4ನೇ ವಾರದ ಹೊತ್ತಿಗೆ ತಟ್ಟೆ ನೋಡಿದರೆ ಮುಖ ತಿರುಗಿಸುವ ಹುಡುಗರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. 2014ರಲ್ಲಿ ಕಾಲೇಜ್ ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ನಿಯಮ ಬದಲಾಯಿಸಿ ಕಾಲೇಜುಗಳು ಆಟಗಾರರಿಗೆ ಮಿತಿಯಿಲ್ಲದೆ ಊಟ ತಿಂಡಿ ಕೊಡಬಹುದು ಅಂದಿತು, ಸ್ಕಾಲರ್‌ಶಿಪ್ ಇಲ್ಲದವರಿಗೂ. ಅದು ನಿಜವಾಗಿಯೂ ಒಳ್ಳೆಯ ಕೆಲಸ. ಬಡ ಮನೆಯ ಹುಡುಗರು ರಾತ್ರಿ ಹಸಿದು ಮಲಗುವುದು ಎಷ್ಟೋ ಕಡಿಮೆಯಾಯಿತು.

ಇಷ್ಟು ತೂಕ ಯಾಕೆ ಅಂತ ಅರ್ಥವಾಗಬೇಕಾದರೆ ಮುಂದಿನ ಸಲ ಎಡಗಡೆಯ ಟ್ಯಾಕಲ್‌ನ ಕಾಲನ್ನಷ್ಟೇ ನೋಡಿ. ಚೆಂಡು ಹಿಂದಕ್ಕೆ ಹೋದ ತಕ್ಷಣ ಅವನು ಓರೆಯಾಗಿ ಹಿಂದಕ್ಕೆ ಜಾರುತ್ತಾನೆ. ಹೊರಗಿನ ಕಾಲು ಮೊದಲು, ಒಳಗಿನ ಕಾಲು ಅದರ ಹಿಂದೆ. ಪಾದ ನೆಲ ಬಿಟ್ಟು ಮೇಲೆ ಏಳುವಂತಿಲ್ಲ. ಸೊಂಟ ಕೆಳಗೆ, ಬೆನ್ನು ನೇರ, ಕೈ ಎದೆಯ ಮುಂದೆ. ಎದುರಿನವನು 115 ಕಿಲೊ ತೂಗುತ್ತಾನೆ, ಓಟಗಾರನ ವೇಗದಲ್ಲಿ ಬರುತ್ತಾನೆ. ಪಕ್ಕದಿಂದ ಸುತ್ತಿ ಬಂದರೂ ತಡೆಯಬೇಕು, ಸೀದಾ ಎದೆಗೆ ಗುದ್ದಿದರೂ ಹಿಂದಕ್ಕೆ ಕುಸಿಯಬಾರದು. ಪಕ್ಕಕ್ಕೆ ಸರಿಯಲು ಹಗುರ ಬೇಕು, ಗುದ್ದು ತಡೆಯಲು ಭಾರ ಬೇಕು. ಬರೀ ಕೊಬ್ಬು ಏರಿದರೆ ಮೊದಲನೆಯದು ಹೋಯಿತು. ಅದಕ್ಕೇ ನಾನು ಅವಸರ ಮಾಡಿಸುವುದಿಲ್ಲ. ವಾರಕ್ಕೆ ಅರ್ಧ ಕಿಲೊಗಿಂತ ಜಾಸ್ತಿ ಏರಿದರೆ ಊಟದ ಪಟ್ಟಿ ಬದಲಾಯಿಸುತ್ತೇನೆ. "ಸೀಸನ್ ಹೊತ್ತಿಗೆ ಇನ್ನೂ 10 ಕಿಲೊ ಬೇಕು" ಅಂತ ಕೋಚ್ ಹೇಳಿದರೂ ಅಷ್ಟೇ.

ದೊಡ್ಡ ದೇಹಕ್ಕೆ ಬಿಸಿಲು ಅಪಾಯ. ದೇಹ ದೊಡ್ಡದಾದಷ್ಟೂ ಒಳಗೆ ಹುಟ್ಟುವ ಶಾಖ ಜಾಸ್ತಿ, ಆದರೆ ಅದನ್ನು ಹೊರಹಾಕುವ ಚರ್ಮ ಅದೇ ಲೆಕ್ಕದಲ್ಲಿ ಬೆಳೆಯುವುದಿಲ್ಲ. ಮೇಲೆ ಹೆಲ್ಮೆಟ್ಟು, ಪ್ಯಾಡು. ಆಗಸ್ಟ್ ತಿಂಗಳ ಪ್ರಾಕ್ಟೀಸಿನಲ್ಲಿ ಪ್ರತಿಯೊಬ್ಬನನ್ನೂ ಮೊದಲು ಮತ್ತು ಆಮೇಲೆ ತೂಗುತ್ತೇವೆ. ಒಂದೇ ಮಧ್ಯಾಹ್ನ 3, 4 ಕಿಲೊ ಬೆವರು ಹೋಗಿರುತ್ತದೆ. ಹೋದ ಒಂದೊಂದು ಕಿಲೊಗೂ ಒಂದೂವರೆ ಲೀಟರ್ ಒಳಗೆ ಹೋಗಬೇಕು, ಉಪ್ಪಿನ ಸಮೇತ.

ಜೋರ್ಡನ್ ಮೆಕ್‌ನೇರ್ ಹೆಸರು ಈ ಕೆಲಸದಲ್ಲಿರುವ ಯಾರೂ ಮರೆಯಬಾರದು. ಮೇರಿಲ್ಯಾಂಡ್ ಯೂನಿವರ್ಸಿಟಿಯ ಆಫೆನ್ಸಿವ್ ಲೈನ್‌ಮನ್, ವಯಸ್ಸು 19. 2018ರ ಮೇ 29ರಂದು ಪ್ರಾಕ್ಟೀಸಿನಲ್ಲಿ 110 ಗಜದ ಓಟಗಳನ್ನು ಓಡುತ್ತಾ ಕುಸಿದ. ಜೂನ್ 13ರಂದು ತೀರಿಕೊಂಡ. ಕಾರಣ ಹೀಟ್‌ಸ್ಟ್ರೋಕ್. ಅವನನ್ನು ತಕ್ಷಣ ತಣ್ಣೀರಿನಲ್ಲಿ ಮುಳುಗಿಸಲಿಲ್ಲ ಅಂತ ತನಿಖೆ ಹೇಳಿತು, ಯೂನಿವರ್ಸಿಟಿ ಹೊಣೆ ಒಪ್ಪಿಕೊಂಡಿತು. ಐಸ್ ನೀರು ತುಂಬಿದ ಟಬ್ಬು ಮೈದಾನದ ಅಂಚಿನಲ್ಲೇ ಇರಬೇಕು. ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಸಾಗಿಸಿ. ಈ ಕ್ರಮದಲ್ಲಿ ಚಿಕಿತ್ಸೆ ಆದರೆ ಹೀಟ್‌ಸ್ಟ್ರೋಕ್‌ನಿಂದ ಸಾಯುವ ಹುಡುಗ ಬದುಕುತ್ತಾನೆ. ಇದು ಗೊತ್ತಿರದ ಕೋಚ್ ಬಳಿ 140 ಕಿಲೊ ಹುಡುಗನನ್ನು ಓಡಿಸುವ ಅಧಿಕಾರ ಇರಕೂಡದು.

ಆದರೂ ಇವು ಎಲ್ಲರೂ ಮಾತಾಡುವ ವಿಷಯ. ಮೊಣಕಾಲಿನ ಗಾಯ, ಪ್ರತಿ ಆಟದಲ್ಲೂ ತಲೆಗೆ ಬೀಳುವ ಸಣ್ಣ ಸಣ್ಣ ಪೆಟ್ಟು, ಇವುಗಳ ಬಗ್ಗೆಯೂ ಈಗ ಚರ್ಚೆ ಇದೆ. ನನ್ನ ತಕರಾರು ಬೇರೆ. ಕಾಲೇಜ್ ಆಟಗಾರರಲ್ಲಿ ನೂರಕ್ಕೆ ಇಬ್ಬರೂ ಎನ್‌ಎಫ್‌ಎಲ್ ತಲುಪುವುದಿಲ್ಲ. ಉಳಿದವರ ವೃತ್ತಿ 22, 23ರ ವಯಸ್ಸಿಗೆ ಒಂದು ಶನಿವಾರ ಮುಗಿದೇ ಹೋಗುತ್ತದೆ. ಸೋಮವಾರ ಅವನು ಇನ್ನೂ 140 ಕಿಲೊ. ಮೈದಾನದಲ್ಲಿ ಕರಗುತ್ತಿದ್ದ ಕ್ಯಾಲೊರಿ ನಿಂತಿದೆ, ತಿನ್ನುವ ಅಭ್ಯಾಸ ನಿಂತಿಲ್ಲ. ನಮ್ಮ ಕಡೆ ಗರಡಿ ಬಿಟ್ಟ ಪೈಲ್ವಾನರನ್ನು ನೋಡಿದವರಿಗೆ ಇದು ಗೊತ್ತು. ಸಾಮು ನಿಂತು ಹಾಲು, ತುಪ್ಪ, ಬಾದಾಮಿ ನಿಲ್ಲದಿದ್ದರೆ ಏನಾಗುತ್ತದೆ ಅಂತ. ಲೈನ್‌ಮನ್‌ಗಳಲ್ಲಿ ಬಿಪಿ ಆಡುವ ವಯಸ್ಸಿನಲ್ಲೇ ಏರಲು ಶುರುವಾಗುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಅವರಲ್ಲಿ ಹೆಚ್ಚು. ಕತ್ತಿನ ಸುತ್ತಳತೆ ದೊಡ್ಡದಿದ್ದು, ಗೊರಕೆ ಹೊಡೆದು, ಬೆಳಗ್ಗೆ ತಲೆನೋವು ಅನ್ನುವ ಹುಡುಗನನ್ನು ನಾನು ಸೀದಾ ನಿದ್ರೆಯ ಪರೀಕ್ಷೆಗೆ ಕಳಿಸುತ್ತೇನೆ.

ಇಳಿಸಲು ಆಗುವುದಿಲ್ಲ ಅಂತೇನಿಲ್ಲ. ಜೋ ಥಾಮಸ್ ವಿಸ್ಕಾನ್ಸಿನ್‌ನಲ್ಲಿ ಬೆಳೆದು ಎನ್‌ಎಫ್‌ಎಲ್‌ನ ಕ್ಲೀವ್‌ಲ್ಯಾಂಡ್ ಪರ ಸತತ 10,363 ಸ್ನ್ಯಾಪ್, ಅಂದರೆ ಚೆಂಡು ಹಿಂದಕ್ಕೆ ಕೊಟ್ಟು ಶುರು ಮಾಡುವ ಒಂದೊಂದು ಸರದಿ, ಬಿಡದೆ ಆಡಿದ ಟ್ಯಾಕಲ್. 2018ರಲ್ಲಿ ನಿವೃತ್ತನಾದ ಮೇಲೆ 20 ಕಿಲೊಗೂ ಹೆಚ್ಚು ಇಳಿಸಿದ. ಎಲ್‌ಎಸ್‌ಯು ಕಾಲೇಜಿನ ಹಳೆಯ ಗಾರ್ಡ್, ಆಮೇಲೆ ಎನ್‌ಎಫ್‌ಎಲ್ ಆಡಿದ ಆಲನ್ ಫನೆಕಾ ತೂಕ ಇಳಿಸಿ 2014ರಲ್ಲಿ ಮ್ಯಾರಥಾನನ್ನು 4 ಗಂಟೆಯೊಳಗೆ ಓಡಿದ. ಆದರೆ ಅವರಿಬ್ಬರ ಬಳಿ ಹಣ ಇತ್ತು, ಬಿಡುವು ಇತ್ತು. ಕಾಲೇಜಿನಲ್ಲೇ ಆಟ ಮುಗಿದವನ ಪಾಸ್ ಡೈನಿಂಗ್ ಹಾಲ್‌ನಲ್ಲಿ ನಡೆಯುವುದಿಲ್ಲ. ಹೊಸ ಕೆಲಸ, ಹೊಸ ಊರು, ಕೈಗೆ ಸಿಕ್ಕಿದ್ದು ಬರ್ಗರ್. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದು, 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಒಳ್ಳೆಯದೇ. ಆದರೆ ದೊಡ್ಡ ಮೊತ್ತ ಹೋಗುವುದು ಕೆಲವೇ ಕಾಲೇಜುಗಳ ಕೆಲವೇ ಹುಡುಗರಿಗೆ.

ಕೊನೆಯ ವರ್ಷದ ಲೈನ್‌ಮನ್ ನನ್ನ ಕೋಣೆಗೆ ಬಂದಾಗ ನಾನು ಮೊದಲು ತೆಗೆಯುವುದು ರಾತ್ರಿಯ ಶೇಕ್. ಕುಡಿಯುವ ಕ್ಯಾಲೊರಿ ಬಿಡುವುದು ಎಲ್ಲಕ್ಕಿಂತ ಸುಲಭ. ಮೊಟ್ಟೆ, ಚಿಕನ್, ಬೇಳೆ ಕಡಿಮೆ ಮಾಡಿಸುವುದಿಲ್ಲ, ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಅನ್ನ, ಬ್ರೆಡ್ಡು ಅರ್ಧ. ಭಾರ ಎತ್ತುವುದು ವಾರಕ್ಕೆ 2, 3 ದಿನ ಸಾಕು, ಉಳಿದ ದಿನ ಈಜು ಅಥವಾ ಸೈಕಲ್, ಮೊಣಕಾಲಿಗೆ ಅದು ಹಿತ. ಅತಿ ಕಷ್ಟದ ಪಾಠ ಹಸಿವಿನದು. "ಹಸಿವು ಅಂದ್ರೆ ಹೇಗಿರುತ್ತೆ ಅಂತಲೇ ಮರೆತುಹೋಗಿದೆ" ಅಂತ ಒಬ್ಬ ಸೆಂಟರ್ ಹೇಳಿದ್ದ. 5 ವರ್ಷ ಅಲಾರಾಂಗೆ ತಿಂದವನು ಅವನು. ಅವನಿಗೆ ಮೊದಲ 2 ವಾರ ಪಟ್ಟಿ ಕೊಡಲಿಲ್ಲ. ಅಲಾರಾಂ ತೆಗೆದುಹಾಕಿ, ತಿನ್ನುವ ಮುಂಚೆ ಹಸಿವು 10ಕ್ಕೆ ಎಷ್ಟು ಅಂತ ಬರೆದಿಡಲು ಹೇಳಿದೆ. ಮೊದಲ ದಿನಗಳಲ್ಲಿ ಬರೀ 2, 3. ಆದರೂ ತಟ್ಟೆ ತುಂಬ ತಿಂದಿದ್ದ. ತೂಕ ಇಳಿಯಲು ಶುರುವಾಗಿದ್ದು ಆ ಪುಸ್ತಕ ಅವನೇ ಓದಿ ನೋಡಿದ ಮೇಲೆ.

2024ರ ಆಗಸ್ಟ್‌ನಿಂದ ಎನ್‌ಸಿಎಎಯ ಮೇಲಿನ ಹಂತವಾದ ಡಿವಿಷನ್ 1 ಕಾಲೇಜುಗಳು ಆಟದಿಂದಾದ ಗಾಯಕ್ಕೆ, ಆಟಗಾರ ಕಾಲೇಜ್ ಬಿಟ್ಟ ಮೇಲೂ ಕನಿಷ್ಠ 2 ವರ್ಷ ಚಿಕಿತ್ಸೆ ಕೊಡಬೇಕು. ಮೊಣಕಾಲಿಗೆ ಈ ನಿಯಮ ಅನ್ವಯಿಸುತ್ತದೆ. ಆಟಕ್ಕೆಂದೇ ಏರಿಸಿದ 30 ಕಿಲೊ ಮಾತ್ರ ಗಾಯದ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಏರಿಸಿದ್ದು ನಾವು, ನಮ್ಮ ಪಟ್ಟಿ, ನಮ್ಮ ಅಡುಗೆಮನೆ. ಅದೇ 2 ವರ್ಷ ಲೈನ್‌ಮನ್‌ಗಳಿಗೆ ಡಯಟೀಷಿಯನ್, ಬಿಪಿ ಮತ್ತು ನಿದ್ರೆಯ ಪರೀಕ್ಷೆ ಕಾಲೇಜಿನ ಖರ್ಚಿನಲ್ಲೇ ಸಿಗಬೇಕು. ವಿಡಿಯೊ ಕಾಲ್‌ನಲ್ಲಿ ತಿಂಗಳಿಗೊಮ್ಮೆ ಮಾತಾಡಲು ದೊಡ್ಡ ಖರ್ಚೇನೂ ಬೀಳುವುದಿಲ್ಲ. ಸೇರಿಸಿಕೊಳ್ಳುವ ದಿನ ಎಷ್ಟು ಏರಿಸಬೇಕು ಅಂತ ಬರೆಯುವ ಹಾಳೆಯಲ್ಲೇ, ಎಷ್ಟಕ್ಕೆ ಇಳಿಸಿ ಕಳಿಸುತ್ತೇವೆ ಅನ್ನುವುದನ್ನೂ ಬರೆದು ಹುಡುಗನ ಅಪ್ಪ ಅಮ್ಮನಿಗೆ ಒಂದು ಪ್ರತಿ ಕೊಡಬೇಕು.