ಮರುಭೂಮಿ ಓಟ ಬೆಂಗಳೂರಿಗೆ ಬಂದದ್ದು ಹೇಗೆ?

ಮರಳಿನಲ್ಲಿ ಒಂದು ವಾರ ಓಡುವುದು ಕ್ರೀಡೆಯಾ, ಸಾಹಸವಾ, ದುಡ್ಡಿದ್ದವರ ಪ್ರವಾಸವಾ? ಬೆಂಗಳೂರಿನ ಓಟಗಾರರ ನಡುವೆ ಈ ವಾದ ಮುಗಿಯುವ ಹಾಗೆ ಕಾಣುವುದಿಲ್ಲ. ಕಟಾಫ್ (ಮುಗಿಸಬೇಕಾದ ಗಡುವು), ಡಿಎನ್‌ಎಫ್ (ಓಟ ಮುಗಿಸದೆ ಬಿಟ್ಟದ್ದು), ಸೆಲ್ಫ್ ಸಫಿಷಿಯೆಂಟ್ (ತನ್ನ ಊಟ, ಸಾಮಾನು ತಾನೇ ಹೊರುವುದು) ಅಂತ ಮಾತು ಹಾರುತ್ತಿದ್ದರೆ ಹೊಸಬರಿಗೆ ತಲೆಬುಡ ತಿಳಿಯುವುದಿಲ್ಲ. ಅದಕ್ಕೇ ಮೊದಲಿನಿಂದ ನೋಡೋಣ.

1984ರಲ್ಲಿ ಪ್ಯಾಟ್ರಿಕ್ ಬೌವರ್ ಎಂಬ ಫ್ರೆಂಚ್ ಯುವಕ ಅಲ್ಜೀರಿಯಾದ ಸಹರಾದಲ್ಲಿ ಒಬ್ಬನೇ ಸುಮಾರು 350 ಕಿ.ಮೀ. ನಡೆದ. ಅನ್ನ, ನೀರು ಎಲ್ಲ ಅವನ ಬೆನ್ನ ಮೇಲೇ ಇತ್ತು. ಎರಡು ವರ್ಷದ ನಂತರ ಮೊರೊಕ್ಕೊದಲ್ಲಿ ಮ್ಯಾರಥಾನ್ ದೆ ಸಾಬ್ಲ್ (ಚಿಕ್ಕದಾಗಿ ಸಾಬ್ಲ್) ಎಂಬ ಓಟ ಶುರುವಾಯಿತು. ಅಲ್ಲಿ ಹಂತ ಹಂತವಾಗಿ ಸುಮಾರು 250 ಕಿ.ಮೀ. ಓಡಬೇಕು. ನೀರು, ರಾತ್ರಿಯ ಟೆಂಟ್ ಆಯೋಜಕರದ್ದು, ಉಳಿದದ್ದು ಓಟಗಾರರದ್ದು. 2003ರಿಂದ ಗೋಬಿ, ಅಟಕಾಮ, ಸಹರಾ, ಅಂಟಾರ್ಕ್ಟಿಕಾ ಸೇರಿದ ನಾಲ್ಕು ಮರುಭೂಮಿಗಳ ಸರಣಿಯೂ ಬಂತು.

ಯಾರ ಹೊಣೆ ಎಲ್ಲಿಯವರೆಗೆ ಎಂಬ ಗೆರೆ ಮಾತ್ರ ಒಂದೇ ಕಡೆ ನಿಲ್ಲಲಿಲ್ಲ. 1994ರ ಸಾಬ್ಲ್ ಓಟದಲ್ಲಿ ಇಟಲಿಯ ಮೌರೊ ಪ್ರೊಸ್ಪೆರಿ ಮರಳು ಬಿರುಗಾಳಿಗೆ ಸಿಕ್ಕಿ ದಾರಿ ತಪ್ಪಿ, ಒಂದು ವಾರಕ್ಕೂ ಹೆಚ್ಚು ಅಲೆದು ಅಲ್ಜೀರಿಯಾ ಸೇರಿದ. ಬಾವಲಿಯ ರಕ್ತ ಕುಡಿದು ಬದುಕಿದ್ದ. ಕೆಲವು ವರ್ಷಗಳ ಮೇಲೆ ಅದೇ ಓಟಕ್ಕೆ ಮತ್ತೆ ಬಂದ! ಈಗ ಓಟಗಾರರ ಮೇಲೆ ಜಿಪಿಎಸ್ ಕಣ್ಣಿದೆ. ಆದರೆ ಬಿಸಿಲಿಗೆ ಜಿಪಿಎಸ್ ಏನು ಮಾಡುತ್ತದೆ? ಕೋವಿಡ್ ಕಾರಣಕ್ಕೆ 2021ರ ಸಾಬ್ಲ್ ಓಟ ಅಕ್ಟೋಬರ್‌ಗೆ ಹೋಯಿತು. ವಿಪರೀತ ಸೆಕೆ, ಜೊತೆಗೆ ಹೊಟ್ಟೆನೋವು, ವಾಂತಿ. ಒಬ್ಬ ಓಟಗಾರ ತೀರಿಕೊಂಡರು. ಹೆಚ್ಚುಕಡಿಮೆ ಅರ್ಧದಷ್ಟು ಜನ ನಡುವೆಯೇ ಬಿಟ್ಟರು.

ಬೆಂಗಳೂರಿನ ಕಥೆಯೇ ಬೇರೆ. ಇಲ್ಲಿ ಮರಳೂ ಇಲ್ಲ, ಅಂಥ ಬಿಸಿಲೂ ಇಲ್ಲ. ಇದ್ದದ್ದು 900 ಮೀಟರ್ ಎತ್ತರ, ತಂಪು ಬೆಳಗು, ಕಬ್ಬನ್ ಪಾರ್ಕು, ಲಾಲ್‌ಬಾಗು, ಐಟಿ ಸಂಬಳ. 2007ರಲ್ಲಿ ಬೆಂಗಳೂರು ಅಲ್ಟ್ರಾ ಶುರುವಾಯಿತು. ದೇಶದ ಮೊದಮೊದಲ ಅಲ್ಟ್ರಾಗಳಲ್ಲಿ, ಅಂದರೆ ಮ್ಯಾರಥಾನಿನ 42 ಕಿ.ಮೀ.ಗಿಂತ ಉದ್ದದ ಓಟಗಳಲ್ಲಿ, ಅದೂ ಒಂದು. ಮರುವರ್ಷ ಬಂದ ವರ್ಲ್ಡ್ 10ಕೆ ಎಂಬ ಹತ್ತು ಕಿ.ಮೀ. ಓಟ, ಯಾವತ್ತೂ ಓಡದಿದ್ದವರನ್ನೂ ರಸ್ತೆಗೆ ಎಳೆಯಿತು. ಹತ್ತು ಮುಗಿಸಿದವರಿಗೆ ಇಪ್ಪತ್ತೊಂದು ಬೇಕಾಯಿತು, ಆಮೇಲೆ ನಲವತ್ತೆರಡು. ಮಲೆನಾಡ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಬಂದ ಮೇಲೆ ಏರು, ಕೆಸರು, ಜಿಗಣೆಯ ಪಾಠವೂ ಆಯಿತು. 2022ರ ಜುಲೈನಲ್ಲಿ ಕಂಠೀರವ ಕ್ರೀಡಾಂಗಣದಲ್ಲೇ ಏಷ್ಯಾ–ಓಷಿಯಾನಿಯಾ 24 ಗಂಟೆ ಚಾಂಪಿಯನ್‌ಶಿಪ್ ನಡೆಯಿತು. ಅಮರ್ ಸಿಂಗ್ ದೇವಂದಾ ಆ 24 ಗಂಟೆಯಲ್ಲಿ ಎಲ್ಲರಿಗಿಂತ ಹೆಚ್ಚು, 257.618 ಕಿ.ಮೀ. ಓಡಿ ಗೆದ್ದರು. ಒಂದೇ ಟ್ರ್ಯಾಕಿನಲ್ಲಿ ಆರುನೂರಕ್ಕೂ ಜಾಸ್ತಿ ಸುತ್ತು! ಭಾರತದ ಪುರುಷರ ತಂಡಕ್ಕೆ ಚಿನ್ನ ಬಂತು.

ನಮ್ಮ ಊರಿನ ಬಲ ಇಲ್ಲೇ ಇದೆ, ಕೊರತೆಯೂ ಇಲ್ಲೇ. ಸುತ್ತು ಹೊಡೆಯುವ ಓಟದಲ್ಲಿ ಆಗಾಗ ಒಂದು ಟೇಬಲ್ ಸಿಗುತ್ತದೆ. ಬಾಳೆಹಣ್ಣು, ಉಪ್ಪು ಹಾಕಿದ ಆಲೂಗಡ್ಡೆ, ಬೆನ್ನು ತಟ್ಟುವ ಗೆಳೆಯರು. ಮರುಭೂಮಿಯಲ್ಲಿ ಆ ಟೇಬಲ್ ಇಲ್ಲ. ಸಾಬ್ಲ್ ನಿಯಮದಂತೆ ದಿನಕ್ಕೆ ಕನಿಷ್ಠ 2,000 ಕ್ಯಾಲೊರಿಯ ಊಟ ಹೊರಬೇಕು. ನೀರು ಬಿಟ್ಟು ಚೀಲ 6.5 ಕೆ.ಜಿ.ಗಿಂತ ಕಡಿಮೆ ಇರಬಾರದು, 15 ದಾಟಬಾರದು. ಇಲ್ಲಿ ಅಡುಗೆಮನೆಯ ಲೆಕ್ಕ ಬೇಕು. 100 ಗ್ರಾಂ ಅವಲಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ. ಅಷ್ಟೇ ತೂಕದ ಕಡಲೆಬೀಜದಲ್ಲಿ 550ರ ಮೇಲೆ. ದುಬಾರಿ ವಿದೇಶಿ ಪ್ಯಾಕೆಟ್‌ಗಳ ಮುಂದೆ ನಮ್ಮ ಚಿಕ್ಕಿ ಯಾವುದರಲ್ಲಿ ಕಡಿಮೆ? ಎಣ್ಣೆ, ಬೀಜ ಜಾಸ್ತಿ ಇದ್ದಷ್ಟು ಚೀಲ ಹಗುರ. ಆದರೆ ಬಿಸಿಲಲ್ಲಿ ಅದು ಗಂಟಲಲ್ಲಿ ಇಳಿಯುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಬೇಕು.

ನೀರಿನ ವಿಷಯದಲ್ಲೂ ಗೊಂದಲವಿದೆ. ಬಾಯಾರಿಕೆಗೆ ಮುಂಚೆಯೇ ಕುಡಿಯಬೇಕು ಅನ್ನುವುದು ಹಳೆಯ ಉಪದೇಶ. ಗಂಟೆಗಟ್ಟಲೆ ಓಡುವಾಗ ಬೇಕಾಬಿಟ್ಟಿ ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ, ಜೀವಕ್ಕೇ ಕುತ್ತು ಬರಬಹುದು. ಉಪ್ಪಿನ ಮಾತ್ರೆ ಜೇಬಲ್ಲಿದೆ ಅಂತ ಲೀಟರ್‌ಗಟ್ಟಲೆ ಕುಡಿಯುವ ಹಾಗಿಲ್ಲ.

ಇಷ್ಟಾದರೂ ಚರ್ಚೆ ದೂರದ ಸುತ್ತಲೇ ಗಿರಕಿ ಹೊಡೆಯುತ್ತದೆ. ಎಷ್ಟು ಕಿ.ಮೀ. ಆಯ್ತು, ಎಷ್ಟು ಪದಕ ಬಂತು ಅನ್ನುವುದೇ ಜಾಸ್ತಿ, ಅಲ್ವಾ? ಪ್ರವೇಶ ಶುಲ್ಕ, ವಿಮಾನ, ಸಾಮಾನು ಸೇರಿದರೆ ಖರ್ಚು ಲಕ್ಷಗಳಲ್ಲಿ. ಅಷ್ಟು ಕೊಟ್ಟವರಿಗೆ ನಡುವೆ ಬಿಡುವುದು ಕಷ್ಟ. ಕಾಲಿನ ಗುಳ್ಳೆಗಿಂತ, ಮರಳಿಗಿಂತ ನನಗೆ ಭಯ ಹುಟ್ಟಿಸುವುದು ಇದೇ.

ಮೈಯನ್ನು ಸೆಕೆಗೆ ಒಗ್ಗಿಸಲು 10ರಿಂದ 14 ದಿನ ಬೇಕು. ಆಗ ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ದ್ರವಾಂಶ ಹೆಚ್ಚುತ್ತದೆ. ಅಭ್ಯಾಸ ಬಿಟ್ಟರೆ ಕೆಲವೇ ವಾರಗಳಲ್ಲಿ ಅದು ಕರಗಿಹೋಗುತ್ತದೆ. ಸಾಬ್ಲ್ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ. ಅಂದರೆ ಮಾರ್ಚ್ ಕೊನೆಯಲ್ಲಿ, ಬೆಳಗಿನ ಐದಕ್ಕಲ್ಲ, ಮಧ್ಯಾಹ್ನ ಎರಡಕ್ಕೆ ಚೀಲ ಹೊತ್ತು ಹೊರಡಬೇಕು, ಜೊತೆಗೊಬ್ಬರನ್ನು ಇಟ್ಟುಕೊಂಡೇ. ರಾಯಚೂರು, ಕಲಬುರಗಿ ಕಡೆ ಊರಿರುವವರು ಆ ಎರಡು ವಾರ ರಜೆ ಹಾಕಿ ಊರಿಗೆ ಹೋಗುವುದೇ ಲೇಸು. ಬಾಸ್ ರಜೆ ಕೊಟ್ಟರೆ.