1977ರಲ್ಲಿ ಗೆದ್ದವರಿಗೆ ಸಂವಿಧಾನ ಸರಿಮಾಡಲು ಎರಡು ವರ್ಷ ಯಾಕೆ ಬೇಕಾಯ್ತು?

ಪ್ರಶ್ನೆ: 1977ರಲ್ಲಿ ಇಂದಿರಾ ಗಾಂಧಿ ಸೋತರು, ಜನತಾ ಪಕ್ಷ ಗೆದ್ದಿತು. ಬಹುಮತ ಕೈಯಲ್ಲೇ ಇತ್ತು ಅಲ್ವಾ? ತುರ್ತು ಪರಿಸ್ಥಿತಿಯ ಕಾಲದಲ್ಲಿ ಸಂವಿಧಾನಕ್ಕೆ ತುರುಕಿದ್ದನ್ನೆಲ್ಲ ಮೊದಲ ವಾರವೇ ಕಿತ್ತುಹಾಕಬಹುದಿತ್ತಲ್ಲ?

ತುರ್ತು ಪರಿಸ್ಥಿತಿ ಘೋಷಣೆಯಾದ ದಿನ, ಜೂನ್ 25, ಹತ್ತಿರ ಬಂದಾಗಲೆಲ್ಲ ಯಾರಾದರೂ ಇದನ್ನು ಕೇಳುತ್ತಾರೆ. ಒಂದೇ ಪದದಲ್ಲಿ ಹೇಳಬೇಕೆಂದರೆ: ರಾಜ್ಯಸಭೆ.

ಮೊರಾರ್ಜಿ ದೇಸಾಯಿ ಪ್ರಮಾಣವಚನ ತೆಗೆದುಕೊಂಡದ್ದು 1977ರ ಮಾರ್ಚ್ 24ರಂದು. ತುರ್ತು ಪರಿಸ್ಥಿತಿ ಮೂರು ದಿನ ಮೊದಲೇ ಮುಗಿದಿತ್ತು. ಸೋತ ಮೇಲೆ ಇಂದಿರಾ ಸರ್ಕಾರವೇ ಅದನ್ನು ಹಿಂತೆಗೆಸಿತ್ತು. ಆದರೆ 42ನೇ ತಿದ್ದುಪಡಿ ಹಾಗೇ ಕೂತಿತ್ತು. ಲೋಕಸಭೆಯ ಅವಧಿಯನ್ನು 5ರಿಂದ 6 ವರ್ಷಕ್ಕೆ ಎಳೆದ ತಿದ್ದುಪಡಿ ಅದು. ಸಂಸತ್ತು ಸಂವಿಧಾನವನ್ನು ಹೇಗೆ ತಿದ್ದಿದರೂ ಯಾವ ಕೋರ್ಟೂ ಕೇಳುವಂತಿಲ್ಲ ಎಂದೂ ಅದರಲ್ಲಿತ್ತು.

ಇದನ್ನು ತೆಗೆಯಬೇಕಾದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ರಾಜ್ಯಸಭೆಯಲ್ಲಿ ಇನ್ನೂ ಕಾಂಗ್ರೆಸ್ಸಿನದೇ ಬಹುಮತ. ಅಲ್ಲಿಗೆ ಸದಸ್ಯರನ್ನು ಕಳಿಸುವವರು ಶಾಸಕರು. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಮಾತ್ರ ಬದಲಾಗುತ್ತದೆ. ಮನೆ ಕೈಗೆ ಬಂದಿತ್ತು, ಉಗ್ರಾಣದ ಬೀಗದ ಕೈ ಹಳಬರ ಸೊಂಟದಲ್ಲೇ ಇತ್ತು.

ಹೊಸಬರು ಮೊದಲು ಹುಡುಕಿದ್ದು ಅಡ್ಡದಾರಿ. ಉತ್ತರ ಪ್ರದೇಶದ 85 ಲೋಕಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಕ್ಕಿರಲಿಲ್ಲ, ಬಿಹಾರದ 54ರಲ್ಲೂ ಅದೇ ಕತೆ. (ಕರ್ನಾಟಕ ಉಲ್ಟಾ. ಇಲ್ಲಿ 28ರಲ್ಲಿ 26 ಕಾಂಗ್ರೆಸ್ಸಿಗೇ.) ಜನರ ನಂಬಿಕೆ ಕಳೆದುಕೊಂಡ ಸರ್ಕಾರಗಳು ಯಾಕಿರಬೇಕು ಎಂದು ಗೃಹಮಂತ್ರಿ ಚರಣ್ ಸಿಂಗ್ ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಹೊರಟರು. ಹೊಸ ಶಾಸಕರು ಬಂದರೆ ಮುಂದೆ ರಾಜ್ಯಸಭೆಯೂ ಬದಲಾಗುತ್ತದೆ ಎಂಬ ಲೆಕ್ಕ ಯಾರಿಗೆ ತಾನೇ ಗೊತ್ತಿರಲಿಲ್ಲ? ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋಗಿ ಸೋತವು.

ವಿಸರ್ಜನೆಯ ಕಾಗದ ಕೊನೆಗೆ ಬಂದದ್ದು ನಮ್ಮ ಬಿ.ಡಿ. ಜತ್ತಿಯವರ ಮುಂದೆ. ಫಕ್ರುದ್ದೀನ್ ಅಲಿ ಅಹ್ಮದ್ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ ಜತ್ತಿ ಹಂಗಾಮಿ ರಾಷ್ಟ್ರಪತಿ. ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು, ಹಳೇ ಕಾಂಗ್ರೆಸ್ಸಿಗರು. ಸಹಿ ಹಾಕಲು ಹಿಂದೆಮುಂದೆ ನೋಡಿದರು. ದೆಹಲಿ ಒಂದು ದಿನ ಕುದಿಯಿತು. ಏಪ್ರಿಲ್ 30ರಂದು ಸಹಿ ಬಿತ್ತು. ಜತ್ತಿ ಹೆದರಿದರು ಅಂತ ಆಗ ನಕ್ಕವರಿದ್ದರು. ನನಗೆ ಆ ಹಿಂಜರಿಕೆಯಲ್ಲಿ ತಪ್ಪು ಕಾಣಿಸುವುದಿಲ್ಲ. 1980ರ ಫೆಬ್ರವರಿಯಲ್ಲಿ, ಅಧಿಕಾರಕ್ಕೆ ಮರಳಿದ ಇಂದಿರಾ ಕೂಡ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿದರು. ಲೆಕ್ಕ ನೋಡಿ, ಸರಿಯಾಗಿ ಒಂಬತ್ತು.

ಇನ್ನೊಂದು ಕಡೆ ಅದೇ ಜನತಾ ಸರ್ಕಾರ ಅಡ್ಡದಾರಿ ಹಿಡಿಯಲಿಲ್ಲ. 1976ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ತುರ್ತು ಪರಿಸ್ಥಿತಿಯಲ್ಲಿ ಬಂಧನದ ವಿರುದ್ಧ ಕೋರ್ಟಿಗೆ ಬರುವಂತಿಲ್ಲ ಎಂದಿದ್ದರು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಇಂದಿರಾ ಸರ್ಕಾರ ಅವರ ಹಿರಿತನ ಬದಿಗೊತ್ತಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಅವರು ರಾಜೀನಾಮೆ ಕೊಟ್ಟರು. ಆ ನಾಲ್ವರಲ್ಲಿದ್ದ ವೈ.ವಿ. ಚಂದ್ರಚೂಡರ ಸರದಿ 1978ರಲ್ಲಿ ಬಂತು. ಅವರನ್ನು ಮಾಡಬೇಡಿ ಎಂಬ ಕೂಗು ಜೋರಾಗಿಯೇ ಇತ್ತು. ಆದರೂ ಸರ್ಕಾರ ಹಿರಿತನದ ಪದ್ಧತಿ ಮುರಿಯಲಿಲ್ಲ. ಅವರು ಆ ವರ್ಷದ ಫೆಬ್ರವರಿಯಲ್ಲಿ ಮುಖ್ಯ ನ್ಯಾಯಮೂರ್ತಿಯಾದರು.

ಸಂವಿಧಾನದ ಕೆಲಸ ಕಾಂಗ್ರೆಸ್ ಸದಸ್ಯರ ಜೊತೆ ಮಾತಾಡಿಕೊಂಡೇ ಆಗಬೇಕಾಯಿತು. ಮೊದಲು 43ನೇ ತಿದ್ದುಪಡಿ. ಆಮೇಲೆ ದೊಡ್ಡದು, 44ನೆಯದು. ಲೋಕಸಭೆಯ ಅವಧಿ ಮತ್ತೆ 5 ವರ್ಷ ಆಯಿತು. ತುರ್ತು ಪರಿಸ್ಥಿತಿ ಹೇರಲು ಕಾರಣವಾಗಿದ್ದ 'ಆಂತರಿಕ ಗಲಭೆ' ಎಂಬ ಸಡಿಲ ಮಾತು ಹೋಗಿ 'ಸಶಸ್ತ್ರ ಬಂಡಾಯ' ಬಂತು. ಸಂಪುಟ ಲಿಖಿತವಾಗಿ ಹೇಳದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ. ಇದು ಸುಮ್ನೆ ಸೇರಿಸಿದ್ದಲ್ಲ. 1975ರಲ್ಲಿ ರಾಷ್ಟ್ರಪತಿ ರಾತ್ರಿಯೇ ಸಹಿ ಹಾಕಿದ್ದರು. ಮಂತ್ರಿಗಳನ್ನು ಕರೆದು ವಿಷಯ ತಿಳಿಸಿದ್ದು ಮರುದಿನ ಬೆಳಗ್ಗೆ ಆರು ಗಂಟೆಗೆ.

ಆದರೆ ರಾಜ್ಯಸಭೆ ಐದು ಕಲಮುಗಳನ್ನು ಕೈಬಿಡಿಸಿತು. ಮೂಲಭೂತ ಬದಲಾವಣೆಗೆ ಜನಮತಗಣನೆ ಬೇಕು ಎಂಬುದೂ ಅದರಲ್ಲಿ ಹೋಯಿತು. ಕೋರ್ಟು ಕೇಳುವಂತಿಲ್ಲ ಎಂಬ ಸಾಲು ಹಾಗೇ ಉಳಿಯಿತು. ಅದನ್ನು ಹೊಡೆದುಹಾಕಿದ್ದು ಸುಪ್ರೀಂ ಕೋರ್ಟಿನ 1980ರ ಮಿನರ್ವಾ ಮಿಲ್ಸ್ ತೀರ್ಪು. ಮಿಲ್ಲು ನಮ್ಮ ಬೆಂಗಳೂರಿನದು, ವಾದ ನಾನಿ ಪಾಲ್ಖಿವಾಲಾ ಅವರದು, ಬಹುಮತದ ತೀರ್ಪು ಬರೆದವರು ಅದೇ ಚಂದ್ರಚೂಡರು. ಅಷ್ಟರಲ್ಲಿ ಜನತಾ ಸರ್ಕಾರ ಬಿದ್ದು ಇಂದಿರಾ ಮತ್ತೆ ಪ್ರಧಾನಿಯಾಗಿದ್ದರು.

ಎರಡು ವರ್ಷ ಅಂದೆನಲ್ಲ, ನಿಜ ಹೇಳಬೇಕೆಂದರೆ ಕೆಲಸ ಇನ್ನೂ ಮುಗಿದಿಲ್ಲ. ವಿಚಾರಣೆಯಿಲ್ಲದೆ ಯಾರನ್ನಾದರೂ ಹಿಡಿದಿಟ್ಟರೆ ಬಂಧನಕ್ಕೆ ಕಾರಣವಿದೆಯೇ ಎಂದು ನೋಡುವ ಸಲಹಾ ಮಂಡಳಿ ಒಪ್ಪದೆ ಮೂರು ತಿಂಗಳವರೆಗೆ ಇಡಬಹುದು. 44ನೇ ತಿದ್ದುಪಡಿಯ 3ನೇ ಕಲಮು ಅದನ್ನು ಎರಡಕ್ಕೆ ಇಳಿಸಿತು. ಸಂಸತ್ತು ಪಾಸು ಮಾಡಿತು, 1979ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ಅಂಕಿತ ಬಿತ್ತು. ಜಾರಿಯ ದಿನಾಂಕವನ್ನು ಮಾತ್ರ ಸರ್ಕಾರ ಗೊತ್ತುಮಾಡಬೇಕಿತ್ತು. ಜನತಾದವರು ಮಾಡಲಿಲ್ಲ. ಆಮೇಲೆ ಬಂದ ಯಾರೂ ಮಾಡಲಿಲ್ಲ. 1981ರ ಕೊನೆಯಲ್ಲಿ ಸುಪ್ರೀಂ ಕೋರ್ಟು, ದಿನಾಂಕ ಹಾಕಿ ಎಂದು ನಾವು ಆದೇಶ ಕೊಡಲಾಗದು ಎಂದಿತು. ಆ ಕಲಮು ಇವತ್ತಿಗೂ ದಿನಾಂಕಕ್ಕೆ ಕಾಯುತ್ತಿದೆ.