ಶ್ವಾಸಕೋಶದೊಳಗೂ ಒಂದು ಮಂಡಕ್ಕಿ ಭಟ್ಟಿ

ದಾವಣಗೆರೆಯ ಮಂಡಕ್ಕಿ ಭಟ್ಟಿ ಕಡೆ ಬೆಳಿಗ್ಗೆ ಹೊತ್ತು ಹೋಗಿದ್ರೆ ನೋಡಿರ್ತೀರಿ, ಕಾದ ಮರಳಿಗೆ ಅಕ್ಕಿ ಬಿದ್ದ ತಕ್ಷಣ ಚಟಪಟ ಅಂತ ಅರಳುತ್ತೆ, ಕೂಡಲೇ ಜರಡಿಗೆ ಸುರಿದು ಮರಳು ಬೇರೆ ಮಂಡಕ್ಕಿ ಬೇರೆ ಮಾಡ್ತಾರೆ, ಅರಳದೆ ಉಳಿದ ಗಟ್ಟಿ ಕಾಳು ಪಕ್ಕಕ್ಕೆ ಹೋಗುತ್ತೆ. ನಮ್ಮ ಓಣಿಯ ಅಜ್ಜ ಒಬ್ರು ಮೂವತ್ತು ವರ್ಷ ಅಂಥ ಒಲೆ ಮುಂದೆ ಹೊಟ್ಟು ಹಾಕ್ತಾ, ಮೂಗಿಗೆ ಒದ್ದೆ ಟವಲ್ ಸುತ್ಕೊಂಡು ಕೂತವರು. ಎರಡು ವರ್ಷದಿಂದ ಒಣ ಕೆಮ್ಮು, ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು. ಮೊದಲು ಅಸ್ತಮಾ ಅಂದ್ರು, ಇನ್‌ಹೇಲರ್ ಕೊಟ್ರು, ಕೊನೆಗೆ ಸಿಟಿ ಸ್ಕ್ಯಾನ್ ಮಾಡಿಸಿದಾಗ ಶ್ವಾಸಕೋಶದ ತಳದಲ್ಲಿ ಜೇನುಗೂಡಿನ ಥರ ತೂತು ತೂತು. ಪಲ್ಮನರಿ ಫೈಬ್ರೋಸಿಸ್, ಅಂದ್ರೆ ಶ್ವಾಸಕೋಶ ಗಾಯದ ಕಲೆಯ ಹಾಗೆ ಗಟ್ಟಿಯಾಗೋ ಕಾಯಿಲೆ. ಜೊತೆಗೆ ಹೋಗಿದ್ದ ನನಗೂ ಡಾಕ್ಟರು ಸ್ಟೆತಾಸ್ಕೋಪ್ ಕೊಟ್ಟು ಅಜ್ಜನ ಬೆನ್ನಿಗೆ ಇಟ್ಟು ಕೇಳಿಸಿದ್ರು. ಪ್ರತಿ ಸಲ ಉಸಿರು ಎಳ್ಕೊಂಡಾಗ್ಲೂ ಚಪ್ಪಲಿಯ ವೆಲ್ಕ್ರೋ ಪಟ್ಟಿ ಬಿಚ್ಚಿದ ಸದ್ದು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಹೊಗೆ ಒಳಗೆ ಹೋಯ್ತು, ಶ್ವಾಸಕೋಶ ಕೆಡ್ತು, ಅಷ್ಟೇ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಅಷ್ಟೇ ಆಗಿದ್ರೆ ಒಂದೇ ಒಲೆ ಮುಂದೆ ಕೂತ ಹತ್ತು ಜನರಲ್ಲಿ ಒಬ್ರಿಗೆ ಮಾತ್ರ ಯಾಕೆ ಹೀಗಾಗ್ಬೇಕು?

ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಅವುಗಳ ಗೋಡೆಯಲ್ಲಿ ಅಲ್ಲಲ್ಲಿ ಕೂತಿರೋ ಟೈಪ್ 2 ಅನ್ನೋ ಜೀವಕೋಶಕ್ಕೆ ಎರಡು ಕೆಲಸ. ಚೀಲ ಅಂಟ್ಕೊಂಡು ಮುದುಡದ ಹಾಗೆ ಸರ್ಫ್ಯಾಕ್ಟಂಟ್ ಅನ್ನೋ ಜಾರು ದ್ರವ ತಯಾರಿಸೋದು ಒಂದು, ಗೋಡೆಗೆ ಏಟು ಬಿದ್ರೆ ತಾನೇ ಒಡೆದು ಎರಡಾಗಿ ಹೊಸ ಕೋಶ ಕೊಟ್ಟು ರಿಪೇರಿ ಮಾಡೋದು ಇನ್ನೊಂದು. ಆ ದ್ರವಕ್ಕೆ ಬೇಕಾದ ಪ್ರೋಟೀನುಗಳು ಕೋಶದೊಳಗಿನ ಇಆರ್ ಅನ್ನೋ ಜಾಗದಲ್ಲಿ, ಪೂರ್ತಿ ಹೆಸರು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಸರಿಯಾಗಿ ಮಡಚಿಕೊಂಡು ಆಕಾರಕ್ಕೆ ಬರ್ಬೇಕು. ನನಗಂತೂ ಅದು ಥೇಟ್ ನಮ್ಮ ಭಟ್ಟಿನೇ. ಅರಳಿದ್ದು ಮುಂದಕ್ಕೆ ಹೋಗುತ್ತೆ, ಮಡಚದೆ ಉಳಿದಿದ್ದನ್ನ ಜರಡಿ ಹಿಡಿದು ಹೊರಗೆ ಹಾಕ್ತಾರೆ.

ಈಗ ಕೆಟ್ಟ ಕಾಳೇ, ಅಂದ್ರೆ ಸರಿಯಾಗಿ ಮಡಚದ ಪ್ರೋಟೀನೇ ಜಾಸ್ತಿ ಆಗೋಯ್ತು ಅನ್ಕೊಳ್ಳಿ. ಇದಕ್ಕೇ ಇಆರ್ ಒತ್ತಡ ಅಂತಾರೆ. ಕೋಶ ಸುಮ್ನೆ ಕೂರಲ್ಲ, ಹೊಸ ಸರಕು ಒಳಗೆ ಬರೋದನ್ನ ಕಡಿಮೆ ಮಾಡುತ್ತೆ, ಮಡಚೋಕೆ ಸಹಾಯ ಮಾಡೋ ಪ್ರೋಟೀನುಗಳನ್ನ ಹೆಚ್ಚಿಸುತ್ತೆ, ಕೆಟ್ಟಿದ್ದನ್ನ ಬೇಗ ಬೇಗ ಸಾಗಹಾಕುತ್ತೆ, ಯಾವುದೂ ಆಗ್ಲಿಲ್ಲ ಅಂದ್ರೆ ತಾನೇ ಸಾಯುತ್ತೆ. ಕೆಟ್ಟಿದ್ದು ಜಾಸ್ತಿ ಆಯ್ತು ಅಂತ ಎಚ್ಚರಿಕೆಯ ಗಂಟೆ ಬಾರಿಸೋ ಐಆರ್‌ಇ1 ಅನ್ನೋ ಪ್ರೋಟೀನನ್ನ 1993ರಲ್ಲಿ ಯೀಸ್ಟ್‌ನಲ್ಲಿ ಪತ್ತೆ ಮಾಡಿದವರಲ್ಲಿ ಅಮೆರಿಕದ ಪೀಟರ್ ವಾಲ್ಟರ್, ಜಪಾನಿನ ಕಜುತೋಶಿ ಮೋರಿ ಮುಖ್ಯರು, 2014ರಲ್ಲಿ ಇಬ್ಬರಿಗೂ ವೈದ್ಯಕೀಯ ಸಂಶೋಧನೆಗೆ ಕೊಡೋ ಲ್ಯಾಸ್ಕರ್ ಪ್ರಶಸ್ತಿ ಬಂತು. ಇಡ್ಲಿ ಹಿಟ್ಟಲ್ಲೂ ಇರೋ ಯೀಸ್ಟ್‌ನಿಂದ ಅಜ್ಜನ ಎದೆವರೆಗೆ ದಾರಿ ಸಿಕ್ತಲ್ಲ, ಅದು ನನಗೆ ಬಹಳ ದೊಡ್ಡ ವಿಷಯ.

ಶ್ವಾಸಕೋಶದ ಕಾಯಿಲೆಗೂ ಈ ಒತ್ತಡಕ್ಕೂ ಸಂಬಂಧ ಇದೆ ಅಂತ ದಾರಿ ತೋರಿಸಿದ್ದು ಒಂದು ಮಗು. 2001ರಲ್ಲಿ ಲಾರೆನ್ಸ್ ನೋಗಿ ಅನ್ನೋ ವೈದ್ಯರ ತಂಡ, ಶ್ವಾಸಕೋಶದ ಕಾಯಿಲೆ ಇದ್ದ ಮಗು ಮತ್ತು ಅದರ ತಾಯಿ ಇಬ್ಬರಲ್ಲೂ ಸರ್ಫ್ಯಾಕ್ಟಂಟ್ ಪ್ರೋಟೀನ್ ಸಿ ಜೀನಿನಲ್ಲಿ ಒಂದೇ ದೋಷ ಕಂಡುಹಿಡೀತು. ಇಂಥ ದೋಷ ಇದ್ರೆ ಪ್ರೋಟೀನು ಸರಿಯಾಗಿ ಮಡಚಲ್ಲ. ಆಮೇಲೆ 2008ರಲ್ಲಿ, ಮನೆತನದಲ್ಲಿ ಕಾಯಿಲೆ ಇಲ್ಲದ ಫೈಬ್ರೋಸಿಸ್ ರೋಗಿಗಳ ಟೈಪ್ 2 ಕೋಶಗಳಲ್ಲೂ ಇದೇ ಇಆರ್ ಒತ್ತಡದ ಗುರುತುಗಳು ಸಿಕ್ವು. ಸಿಗರೇಟ್ ಹೊಗೆ ಕೂಡ ಶ್ವಾಸಕೋಶದ ಕೋಶಗಳಲ್ಲಿ ಈ ಒತ್ತಡ ಎಬ್ಬಿಸುತ್ತೆ ಅಂತ ಲ್ಯಾಬುಗಳಲ್ಲಿ ಕಂಡಿದೆ.

ನನ್ನ ಪ್ರಶ್ನೆಗೆ ತುಂಬ ಹತ್ತಿರ ಬಂದಿದ್ದು 2011ರ ಇಲಿಗಳ ಪ್ರಯೋಗ. ಇಲಿಗಳ ಟೈಪ್ 2 ಕೋಶದಲ್ಲಿ ಕೆಟ್ಟ ಪ್ರೋಟೀನು ತಯಾರಾಗೋ ಹಾಗೆ ಮಾಡಿದ್ರು, ಒತ್ತಡ ಬಂತು, ಆದ್ರೆ ಅಷ್ಟಕ್ಕೇ ಶ್ವಾಸಕೋಶ ಗಟ್ಟಿಯಾಗ್ಲಿಲ್ಲ. ಅದೇ ಇಲಿಗಳಿಗೆ ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲ ಬ್ಲಿಯೋಮೈಸಿನ್ ಅನ್ನೋ ಕ್ಯಾನ್ಸರ್ ಔಷಧಿ ಕೊಟ್ಟು ಶ್ವಾಸಕೋಶಕ್ಕೆ ಇನ್ನೊಂದು ಏಟು ಹಾಕಿದಾಗ ಬೇರೆ ಇಲಿಗಳಿಗಿಂತ ಜಾಸ್ತಿ ಕೋಶ ಸತ್ವು, ಜಾಸ್ತಿ ಕಲೆ ಕಟ್ತು. ಅಂದ್ರೆ ಮೊದಲೇ ಸುಸ್ತಾಗಿರೋ ರಿಪೇರಿಯವನ ಮೇಲೆ ಎರಡನೇ ಏಟು. ಹೊಸ ಗೋಡೆ ಕಟ್ಟೋಕೆ ಅವನ ಕೈಲಿ ಆಗಲ್ಲ, ಫೈಬ್ರೋಬ್ಲಾಸ್ಟ್ ಅನ್ನೋ ಕೋಶಗಳು ಬಂದು ಕೊಲಾಜನ್ ಅನ್ನೋ ನಾರಿನಂಥ ಪ್ರೋಟೀನು ಸುರಿದು ಸಿಮೆಂಟ್ ಮೆತ್ತಿದ ಹಾಗೆ ಮುಚ್ಚಿಬಿಡ್ತವೆ. ಆ ಸಿಮೆಂಟ್ ದಾಟಿ ಆಮ್ಲಜನಕ ರಕ್ತಕ್ಕೆ ಹೋಗೋದು ಕಷ್ಟ. ಅಜ್ಜನಿಗೆ ಮೊದಲ ಏಟು ಯಾವುದು, ವಯಸ್ಸಾ, ಹುಟ್ಟಿನಿಂದ ಬಂದಿದ್ದಾ, ಯಾರೂ ಬೆರಳು ಇಟ್ಟು ತೋರಿಸೋಕೆ ಆಗಲ್ಲ, ಆದ್ರೆ ಎರಡನೇ ಏಟು ದಿನಾ ಬೀಳ್ತಿತ್ತು.

ಪಿರ್ಫೆನಿಡೋನ್, ನಿಂಟೆಡಾನಿಬ್ ಅನ್ನೋ ಎರಡು ಔಷಧಿಗೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, ನಮ್ಮಲ್ಲೂ ಸಿಗ್ತವೆ. ಕಾಯಿಲೆ ಓಡೋ ಸ್ಪೀಡು ತಗ್ಗಿಸ್ತವೆ, ಕಟ್ಟಿದ ಕಲೆ ಕರಗಿಸಲ್ಲ. ಕೋಶದ ಒತ್ತಡವನ್ನೇ ಇಳಿಸೋ ಔಷಧಿಗಳು ಇನ್ನೂ ಪ್ರಯೋಗದ ಹಂತದಲ್ಲೇ ಇವೆ.

ಅವತ್ತು ಡಾಕ್ಟರು ಸ್ಕ್ಯಾನ್ ಪಕ್ಕಕ್ಕಿಟ್ಟು, "ಅಜ್ಜ, ಏನ್ ಕೆಲ್ಸ ಮಾಡ್ತಿದ್ರಿ?" ಅಂತ ಕೇಳಿದ್ರು. ಎರಡು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರು ಅವರೇ ಮೊದಲು.

"ಒಲಿ ಮುಂದ ಕುಂದರ್ತಿದ್ದೆರೀ ಸಾಹೇಬ್ರ, ಈಗ ನನ್ ಮಗ ಕುಂದರ್ತಾನ."

ಡಾಕ್ಟರು ಪೆನ್ನು ಕೆಳಗಿಟ್ಟು, "ನಾಳಿ ಅವನ್ನೂ ಕರ್ಕೊಂಡ್ ಬರ್ರಿ" ಅಂದ್ರು.